ಕುಂಡದೊಳಗಿನ ಇಚೋ

ಜಪಾನಿನವರು ಇಚೋ ಎನ್ನುವ ಗಿಂಕೋ ಮಹಾವೃಕ್ಷವನ್ನು ಪುಟ್ಟ ಕುಂಡದಲ್ಲಿ ಬೊನ್ಸಾಯಿಯಾಗಿ ಬೆಳೆಸುವುದು ಕ್ರೌರ್ಯವೆಂದು ಆಕ್ಷೇಪಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಇದರ ಕೊಂಬೆಗೆ ಕತ್ತರಿಯ ಗಾಯ ಬೇಗ ಮಾಯದು. ಆದುದರಿಂದ ಬಲ್ಲವರು ಮರದ ಇಚ್ಛೆಯನ್ನೇ ಅನುಸರಿಸಿ, ದೀಪದ ಕುಡಿಯಂತೆ ನೆಟ್ಟಗೆ ಏರಗೊಡುವರು. ಬೇರುಗಳಲ್ಲಿ ನೀರಿನಂಶ ಬಹಳ. ಕುಂಡ ಹೆಪ್ಪುಗಟ್ಟಿದರೆ ಕೇಡು, ಚಳಿಗಾಲದಲ್ಲಿ ಮರೆಗೊಯ್ಯಬೇಕು. ಬೀಸಣಿಗೆಯಂಥ ಎಲೆಗಳು ಕಾರ್ತಿಕದ ಸುಮಾರಿಗೆ ಅರಿಸಿನ ಬಳಿದಂತಾಗಿ, ಬೇಗನೆ ಉದುರಿಹೋಗುವುವು. ಪ್ರದರ್ಶನಕ್ಕೆ ಆ ಕೆಲವು ದಿನಗಳೇ ಶ್ರೇಷ್ಠ. ಬರಿಗೊಂಬೆಯೂ ನಮಗೆ ಸೊಗಸೇ.

1945ರಲ್ಲಿ ಹಿರೋಷಿಮದ ಮೇಲೆ ಅಣುಬಾಂಬು ಬಿದ್ದಾಗ ಹೊಸೆನ್‌ಬೊ ದೇಗುಲ ನೆಲಸಮವಾಯಿತು. ಅಂಗಳದ ಇಚೋ ಮಾತ್ರ ಮತ್ತೆ ಚಿಗುರಿತು. ದೇಗುಲವನ್ನು ಮರಳಿ ಕಟ್ಟುವಾಗ ಅದನ್ನು ಕಡಿಯದೆ ಮೆಟ್ಟಿಲುಗಳ ನಡುವೆ ಉಳಿಸಿಕೊಂಡರು. ಅಂಥ ಕುಲದ ಮರವೇ, ಬಿರುಬೇಸಗೆಯಲ್ಲಿ ಮನೆಯವರು ಕೆಲವು ದಿನ ನೀರೆರೆಯಲು ಮರೆತರೆ, ಕುಂಡದಲ್ಲಿ ಒಣಗಿಹೋಗುವುದು.