ತಗ್ಗಿನ ಜಗಲಿ

ವಿಮಾನ ಹೊರಡುವುದಕ್ಕೆ ಆರು ಗಂಟೆ ಮೊದಲೇ ನಿಲ್ದಾಣ ಸೇರಬೇಕೆಂಬುದು ನಮ್ಮ ದೊಡ್ಡಪ್ಪನವರ ಶಿಸ್ತು. ಐವತ್ತು ವರ್ಷಗಳಿಗೂ ಮಿಗಿಲಾಗಿ ಅಮೆರಿಕದಲ್ಲಿದ್ದರೂ ನಂಜನಗೂಡಿನ ಸ್ಟೇಷನ್ನಿನಲ್ಲಿ ರೈಲು ಕಾದ ಅಭ್ಯಾಸ ಅವರನ್ನು ಬಿಟ್ಟಿಲ್ಲ. ಹೋದ ಬೇಸಗೆಯ ರಜೆಯಲ್ಲಿ ಅವರಲ್ಲಿ ಒಂದು ತಿಂಗಳಿದ್ದು ಹಿಂದಿರುಗುವ ದಿನ, ನ್ಯೂಯಾರ್ಕಿನ ಕೆನೆಡಿ ವಿಮಾನನಿಲ್ದಾಣದಲ್ಲಿ ನಮಗೆ ಬೇಕಾದಷ್ಟು ಕಾಲ ಮಿಕ್ಕಿತು. "ಬಾ, ನಿನಗೊಂದು ಜಾಗ ತೋರಿಸುತ್ತೇನೆ" ಎಂದು ದೊಡ್ಡಪ್ಪ ಕೋಲೂರಿಕೊಂಡು ಮುಂದೆ ನಡೆದರು.

ಅದು ಟಿ.ಡಬ್ಲ್ಯು.ಎ. ಎಂಬ ವಿಮಾನ ಸಂಸ್ಥೆಯ ಹಳೆಯ ನಿಲ್ದಾಣ. ಫಿನ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಈರೋ ಸಾರಿನೆನ್‌ನ ಕೃತಿ. ಕಟ್ಟಡ ತೆರೆದದ್ದು 1962ರಲ್ಲಿ. ಅದನ್ನು ಕಾಣುವ ಯೋಗ ಅವನಿಗಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದ. ಚಾವಣಿಯೋ ರೆಕ್ಕೆ ಬಿಚ್ಚಿದ ಹಕ್ಕಿಯಂತೆ. ಒಳಗೆ ಒಂದು ನೇರ ಗೆರೆಯನ್ನು ಕಾಣುವುದೂ ಕಷ್ಟ. 2001ರಲ್ಲಿ ಸಂಸ್ಥೆ ಮತ್ತೊಂದರಲ್ಲಿ ಲೀನವಾಯಿತು, ನಿಲ್ದಾಣದ ಬಾಗಿಲೂ ಮುಚ್ಚಿತು. 2019ರಲ್ಲಿ ಅದು ಹೋಟೆಲಾಗಿ ಮರುಹುಟ್ಟು ಪಡೆಯಿತು. ಹಿಂಬದಿಯ ಹೊಸ ಕಟ್ಟಡಗಳಲ್ಲಿ 512 ಕೋಣೆಗಳು. ಹಳೆಯ ನಿಲ್ದಾಣವೇ ಅವಕ್ಕೆ ಹಜಾರ.

ಹಜಾರದ ನಡುವೆ ಇದೆ ಆ ಪ್ರಸಿದ್ಧ ಲೌಂಜು. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಕನ್ನಡ ಮೇಷ್ಟರಾದ ನನಗೆ ಹೊಳೆದದ್ದು 'ಜಗಲಿ'. ಆದರೆ ನಮ್ಮ ಜಗಲಿ ನೆಲದಿಂದ ಎತ್ತರದಲ್ಲಿರುತ್ತದೆ. ಇದು ನೆಲವನ್ನು ತಗ್ಗಿಸಿ ಮಾಡಿದ ಜಗಲಿ. ಮೆಟ್ಟಿಲಿಳಿದು ಕುಳಿತರೆ ಸುತ್ತಲೂ ಕಟ್ಟೆಯಂತೆ ಬಳಸಿ ಬಂದ ಆಸನಗಳು, ಎದುರಿಗೆ ಗಾಜಿನ ಗೋಡೆ. ಆಸನಕ್ಕೂ ಜಮಖಾನಕ್ಕೂ ಮೊದಲಿದ್ದ ಬಣ್ಣವನ್ನೇ ಕೊಟ್ಟಿದ್ದಾರೆ. ಮೆಣಸಿನಕಾಯಿಯ ಕೆಂಪೆಂದೇ ಅದರ ಹೆಸರು. ಬ್ಯಾಡಗಿಯ ವರ್ತಕರು ಕಂಡರೂ ಒಪ್ಪಿಯಾರು! ಊರುಗಳ ಹೆಸರು ಪಟಪಟನೆ ಮಗುಚುವ ಇಟಲಿಯ ಫಲಕವನ್ನೂ ದುರಸ್ತಿ ಮಾಡಿ ನಿಲ್ಲಿಸಿದ್ದಾರೆ. ಫಲಕ ಮಗುಚುತ್ತದೆ, ಹೊರಡುವ ವಿಮಾನ ಮಾತ್ರ ಒಂದೂ ಇಲ್ಲ. ಗಾಜಿನಾಚೆ ನಿಂತಿರುವ ಹಳೆಯ ಕಾನ್‌ಸ್ಟೆಲೇಷನ್ ವಿಮಾನವೂ ಈಗ ಹಾರುವುದಿಲ್ಲ; ಅದರ ಹೊಟ್ಟೆಯೊಳಗೆ ಪಾನಗೃಹ ನಡೆಸುತ್ತಾರೆ.

ನಾನು ಫೋಟೋ ತೆಗೆಯುತ್ತಿದ್ದೆ. ದೊಡ್ಡಪ್ಪ ಆಸನದ ಒಂದು ಮೂಲೆಯನ್ನು ಕೈಯಿಂದ ಸವರಿ, "ಇಲ್ಲಿ ಒಂದು ರಾತ್ರಿಯೆಲ್ಲ ಕೂತಿದ್ದೆ, 1974ರಲ್ಲಿ" ಎಂದರು.

1974ರ ಮಾತು ನಮ್ಮ ಮನೆಯಲ್ಲಿ ಹಗುರವಾಗಿ ಆಡುವಂಥದಲ್ಲ. ಅಜ್ಜಿ ತೀರಿಕೊಂಡ ವರ್ಷ ಅದು. "ಹೆತ್ತವಳ ಮುಖ ನೋಡಲು ಹಿರಿಯ ಮಗ ಬರಲಿಲ್ಲ" ಎಂದು ನನ್ನ ತಂದೆ ಪ್ರತಿವರ್ಷವೂ ಶ್ರಾದ್ಧದ ದಿನ ಹೇಳುವುದನ್ನು ಕೇಳುತ್ತಲೇ ಬೆಳೆದವನು ನಾನು. ತಿಂಗಳೆಲ್ಲ ದೊಡ್ಡಪ್ಪನ ಮನೆಯ ಅನ್ನ ಉಣ್ಣುವಾಗಲೂ ಆ ಮಾತು ನನ್ನ ಗಂಟಲಲ್ಲಿತ್ತು.

"ತಂತಿ ಬಂದ ಕೂಡಲೇ ಸಾಲ ಮಾಡಿ ಟಿಕೆಟ್ಟು ಕೊಂಡೆ" ಎಂದರು ದೊಡ್ಡಪ್ಪ. "ಇಲ್ಲಿಯವರೆಗೆ ಬಂದು ಮುಂಬಯಿಯ ವಿಮಾನಕ್ಕೆ ಕಾಯುತ್ತಿದ್ದೆ. ಮನಸ್ಸು ತಡೆಯದೆ ಹಾಸ್ಟೆಲಿನ ಗೆಳೆಯನಿಗೆ ಫೋನು ಮಾಡಿದೆ. ಅಷ್ಟರಲ್ಲಿ ಎರಡನೆಯ ತಂತಿ ಬಂದಿತ್ತು. ಅವನೇ ಓದಿ ಹೇಳಿದ: ಅಮ್ಮ ಹೋದಳು, ಸಂಸ್ಕಾರ ಮುಗಿಯಿತು, ಬರುವುದು ಬೇಡ. ಕಳಿಸಿದವನು ನಿಮ್ಮಪ್ಪ. ಮುಂಬಯಿಯ ಹೆಸರು ಆ ಫಲಕದ ಮೇಲೆ ಇದ್ದೇ ಇತ್ತು, ನೋಡುನೋಡುತ್ತ ಮಗುಚಿಹೋಯಿತು. ಬೆಳಗಾದ ಮೇಲೆ ಹಿಂದಕ್ಕೆ ಹೋದೆ."

"ಇದನ್ನು ಅಪ್ಪನಿಗೆ ಏಕೆ ಹೇಳಲಿಲ್ಲ, ದೊಡ್ಡಪ್ಪ?"

"ಹೇಳುವುದೇನಪ್ಪಾ? ಅವನು ಬೇಡವೆಂದ, ನಾನು ಬರಲಿಲ್ಲ. ಆದರೆ ಟಿಕೆಟ್ಟು ಜೇಬಿನಲ್ಲೇ ಇತ್ತಲ್ಲ, ಹತ್ತಬಹುದಾಗಿತ್ತು."

ಮೈಸೂರಿಗೆ ಬಂದ ಮೇಲೆ ಒಂದು ಮುಸ್ಸಂಜೆ ಎಲ್ಲವನ್ನೂ ತಂದೆಗೆ ಹೇಳಿ ಚಿತ್ರಗಳನ್ನು ತೋರಿಸಿದೆ. ಅವರು ಆ ಕೆಂಪು ಆಸನಗಳನ್ನು ಬಹಳ ಹೊತ್ತು ನೋಡಿದರು. "ಓದುವ ಹುಡುಗ, ಸಾಲಕ್ಕೆ ಬೀಳಬಾರದೆಂದು ಹಾಗೆ ಬರೆದೆ. ಆದರೂ ಬಂದುಬಿಟ್ಟಾನೆಂದು ಹದಿಮೂರು ದಿನವೂ ಸಂಜೆಯ ರೈಲಿನ ಹೊತ್ತಿಗೆ ಜಗಲಿಯ ಮೇಲೆ ಕೂತಿರುತ್ತಿದ್ದೆ" ಎಂದರು.

ನಂಜನಗೂಡಿನ ಆ ಮನೆಯನ್ನು ಮಾರಿ ವರ್ಷಗಳಾದವು. ಕೊಂಡವರು ಜಗಲಿಯನ್ನು ಒಡೆದು ಅಂಗಡಿ ಕಟ್ಟಿಸಿದ್ದಾರೆ. ಅದನ್ನು ಮೊದಲಿದ್ದಂತೆ ಮಾಡಿಕೊಡುವವರು ಯಾರೂ ಇಲ್ಲ.

ತಂದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು:

"ಅಲ್ಲಿ ಈಗ ಎಷ್ಟು ಗಂಟೆಯಾಗಿರುತ್ತದೆ?"