ಗೇಟು ದಾಟಿದ ಮೇಲೆ

ಹಬ್ಸಿಗುಡ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಷೇರ್ ಆಟೊದವರ ಕೂಗು: "ನಾಚಾರಂ, ನಾಚಾರಂ, ಮಲ್ಲಾಪುರ್!" ಭಾನುವಾರ, ಬೆಳಿಗ್ಗೆ ಇನ್ನೂ ಒಂಬತ್ತಾಗಿಲ್ಲ. ನೀವು ಹತ್ತಿ ಕೂರುತ್ತೀರಿ. ಪಕ್ಕದಲ್ಲಿ ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡ ಹುಡುಗನೊಬ್ಬ ಫೋನಿನಲ್ಲಿ ಮಾತಾಡುತ್ತಿದ್ದಾನೆ. "ಹಾಂ ಅವ್ವಾ, ಕ್ಲಾಸಿಗೇ ಹೊಂಟೀನಿ. ಇಲ್ಲ, ಅಮೀರ್‌ಪೇಟಕ್ಕ ಅಲ್ಲ, ನಾಚಾರಂದಾಗ. ಪರೀಕ್ಷಾ ಪಾಸಾದ್ರ ಪಗಾರ ಹೆಚ್ಚಾಗ್ತದಂತ." ಬೀದರಿನ ಕನ್ನಡ. 1956ರವರೆಗೆ ಅವನ ಜಿಲ್ಲೆಗೂ ಈ ಹೈದರಾಬಾದೇ ರಾಜಧಾನಿ. ಬಸ್ಸಿನ ಲೆಕ್ಕದಲ್ಲಿ ಇವತ್ತಿಗೂ ಬೆಂಗಳೂರಿಗಿಂತ ಇದೇ ಹತ್ತಿರ.

ಕೋರ್ಸು ಎಂದರೆ ಹೈದರಾಬಾದಿನಲ್ಲಿ ಎಲ್ಲರೂ ಅಮೀರ್‌ಪೇಟೆಯ ಮೈತ್ರಿವನಂ ಕಡೆ ಕೈ ತೋರಿಸುತ್ತಾರೆ. ಜಾವಾ, ಡಾಟ್‌ನೆಟ್, ಟೆಸ್ಟಿಂಗ್, ಕ್ಲೌಡ್ ಎಲ್ಲವೂ ಅಲ್ಲಿ ಕಾಯಿಪಲ್ಲೆ ಸಂತೆಯ ಗಲಾಟೆಯಲ್ಲೇ ಸಿಗುತ್ತವೆ. ನಾಚಾರಂ ಬೇರೆ ಥರದ ಜಾಗ. ಇಲ್ಲಿರುವುದು ಕೈಗಾರಿಕಾ ವಸಾಹತು, ಇಎಸ್‌ಐ ಆಸ್ಪತ್ರೆ, ಎನ್‌ಟಿಆರ್ ಕಟ್ಟಿಸಿದ ಸ್ಟುಡಿಯೊ. ಶೆಡ್ಡುಗಳ ನಡುವೆ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಅವುಗಳಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗರು ವಾರವಿಡೀ ಹೈಟೆಕ್ ಸಿಟಿಗೆ ಹೋಗಿಬಂದು ಸುಸ್ತಾದವರು. ಭಾನುವಾರವೂ ಅಷ್ಟು ದೂರ ಹೋಗಲೊಲ್ಲದವರಿಗಾಗಿ ಟಿಫಿನ್ ಸೆಂಟರೊಂದರ ಮೇಲಿನ ಮಹಡಿಯಲ್ಲಿ ಈ ಕ್ಲಾಸು. ಮೆಟ್ಟಿಲೇರುವಾಗ ಅಲ್ಲಂ ಚಟ್ನಿಯ ಘಾಟು ಬೆನ್ನಿಗೇ ಬರುತ್ತದೆ.

ಒಳಗೆ ಪ್ರೊಜೆಕ್ಟರು, ಬಿಳಿ ಹಲಗೆ, ಗುಂಯ್‌ಗುಡುವ ಏಸಿ. ನೀವು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಪಾಠ ಹೇಳುವವರು ಕಲಬುರಗಿ ಕಡೆಯವರು, ದೊಡ್ಡ ಬ್ಯಾಂಕಿಂಗ್ ಸಾಫ್ಟ್‌ವೇರ್‌ಗಳ ಒಳಹೊರಗು ಕಂಡವರು. ತೆಲುಗು, ಇಂಗ್ಲಿಷು, ದಖ್ಖನಿ ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸುತ್ತಾರೆ. ರೇಗಿದಾಗ ಮಾತ್ರ ಕನ್ನಡ ಹೊರಬೀಳುತ್ತದೆ.

ಗುರಿ ಸಿಎಸ್‌ಎಸ್‌ಎಲ್‌ಪಿ. ಸುರಕ್ಷಿತ ಸಾಫ್ಟ್‌ವೇರ್ ಕಟ್ಟುವವರಿಗೆಂದು ಐಎಸ್‌ಸಿ2 ಎಂಬ ಸಂಸ್ಥೆ 2008ರಲ್ಲಿ ಶುರುಮಾಡಿದ ಪ್ರಮಾಣಪತ್ರ. ಅಗತ್ಯಗಳ ಪಟ್ಟಿ, ವಿನ್ಯಾಸ, ಕೋಡಿಂಗ್, ಪರೀಕ್ಷೆಯಿಂದ ಹಿಡಿದು ಹೊರಗಿನಿಂದ ತಂದು ಸೇರಿಸಿದ ಕೋಡಿನ ಪೂರೈಕೆ ಸರಪಳಿಯವರೆಗೆ ಎಂಟು ವಿಭಾಗ. ಸಾವಿರಕ್ಕೆ 700 ಅಂಕ ಬಂದರೆ ಪಾಸು. ನಾಲ್ಕು ವರ್ಷದ ಅನುಭವ ಬೇಕು, ಕಂಪ್ಯೂಟರ್ ಅಥವಾ ಸಂಬಂಧಿತ ವಿಷಯದ ಪದವಿ ಇದ್ದರೆ ಮೂರು ಸಾಕು. ಅಷ್ಟಿಲ್ಲದವರೂ ಪರೀಕ್ಷೆ ಬರೆದು 'ಅಸೋಸಿಯೇಟ್' ಅನ್ನಿಸಿಕೊಂಡು ಆಮೇಲೆ ಅನುಭವ ತುಂಬಿಸಬಹುದು. ಶುಲ್ಕ 599 ಡಾಲರ್. ರೂಪಾಯಿ ಲೆಕ್ಕ ಹಾಕಿದಾಗ ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತುವುದಿಲ್ಲ. ಇಲ್ಲಿ ಹಲವರ ತಿಂಗಳ ಪಗಾರಕ್ಕಿಂತ ಅದು ಹೆಚ್ಚು.

"ಮೊದ್ಲು ಒಂದ್ ಮಾತು," ಎನ್ನುತ್ತಾರೆ ಸಾರ್. "ಇವತ್ತು ಮುರಿಯೋದು ನಿಮ್ಮ ಮಷೀನಿನೊಳಗಿಂದು ಮಾತ್ರ. ಪರವಾನಗಿ ಇಲ್ದ ಮಂದಿ ಸೈಟಿಗೆ ಕೈ ಹಾಕಿದ್ರ ಐಟಿ ಕಾಯ್ದೆ 66ನೇ ಕಲಂ, ಮೂರು ವರ್ಷದ ತನಕ ಜೈಲು." ವೈಫೈ ಬಂದ್ ಮಾಡಿಸುತ್ತಾರೆ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಅವರೇ ಬೇಕಂತಲೇ ತೂತು ಬಿಟ್ಟು ಬರೆದ ಆಸ್ಪತ್ರೆಯ ವೆಬ್‌ಸೈಟು ತೆರೆದುಕೊಳ್ಳುತ್ತದೆ.

ಲಾಗಿನ್ ಪುಟ. ಬಳಕೆದಾರನ ಹೆಸರಿನ ಜಾಗದಲ್ಲಿ ಒಂಟಿ ಉದ್ಧರಣ ಚಿಹ್ನೆ ಒತ್ತಿ, 'ಆರ್' ಎಂದು ಬರೆದು, 1=1 ಎಂದು ಸೇರಿಸಿ, ಉಳಿದದ್ದು ಟಿಪ್ಪಣಿಯಾಗಿ ಕಳಚಿಹೋಗಲೆಂದು ಎರಡು ಅಡ್ಡಗೆರೆ ಎಳೆಯಿರಿ. ಪಾಸ್‌ವರ್ಡ್ ಏನಾದರೂ ಇರಲಿ. ಎಂಟರ್. ನೀವೀಗ ಆಡಳಿತಾಧಿಕಾರಿ! ಮುಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕುತ್ತಾರೆ. ಡೇಟಾಬೇಸು ನೀವು ಕೊಟ್ಟದ್ದನ್ನು ಹೆಸರೆಂದು ತಿಳಿಯದೆ ಆಜ್ಞೆಯೆಂದು ಓದಿತು. ಒಂದು ಒಂದಕ್ಕೆ ಯಾವತ್ತೂ ಸಮವೇ. ಈ ತಂತ್ರ ಬಹಿರಂಗವಾಗಿ ಚರ್ಚೆಗೆ ಬಂದದ್ದು 1998ರಲ್ಲಿ. ಈ ಕೋಣೆಯ ಕೆಲವರು ಆಗ ಹುಟ್ಟಿಯೂ ಇರಲಿಲ್ಲ.

"ಹ್ಯಾಂಗ್ ಮುಚ್ತೀರಿ?" ಆಟೊದಲ್ಲಿ ಸಿಕ್ಕ ಬೀದರಿನ ಹುಡುಗ ಎದ್ದು ನಿಂತು, "ಆ ಚಿಹ್ನೀನೇ ತಗೊಳ್ಳಬಾರ್ದು ಸಾರ್, ಕಂಡ ಕೂಡ್ಲೆ ಫಾರ್ಮ್ ವಾಪಸ್" ಎನ್ನುತ್ತಾನೆ. ಸಾರ್ ಹಲಗೆಯ ಮೇಲೆ ಒಂದು ಹೆಸರು ಬರೆಯುತ್ತಾರೆ: ಡಿ'ಸೋಜಾ. ಮಂಗಳೂರಿನಿಂದ ಬಂದ ರೋಗಿ. ಇಂಗ್ಲಿಷಿನಲ್ಲಿ ಅವನ ಹೆಸರಿನ ನಡುವೆ ಅದೇ ಚಿಹ್ನೆ ಇದೆ. ಅವನಿಗೆ ವೈದ್ಯರನ್ನು ಕಾಣಲು ನಂಬರು ಸಿಗುವುದು ಬೇಡವೆ? ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಮಂಗಳೂರಿನ ಅರ್ಧ ಊರನ್ನೇ ಆಸ್ಪತ್ರೆಯಿಂದ ಹೊರಗಟ್ಟುವ ಭದ್ರತೆ ಯಾರಿಗೆ ಬೇಕು! ಮದ್ದು ಬೇರೆಯೇ ಇದೆ: ಪ್ರಶ್ನೆಯ ಚೌಕಟ್ಟನ್ನು ಮೊದಲೇ ಡೇಟಾಬೇಸಿಗೆ ಒಪ್ಪಿಸಿ, ಹೆಸರನ್ನು ಆಮೇಲೆ ಖಾಲಿ ಜಾಗಕ್ಕೆ ಕೊಡುವುದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಆಗ ಡಿ'ಸೋಜಾ ಡಿ'ಸೋಜಾನೇ ಆಗಿರುತ್ತಾನೆ, ಕಳ್ಳನ 1=1 ಕೂಡ ಒಂದು ವಿಚಿತ್ರ ಹೆಸರಾಗಿ ಸುಮ್ಮನೆ ಬಿದ್ದಿರುತ್ತದೆ. ನೀವೂ ಬದಲಿಸಿ ನೋಡಿ. ಎರಡೇ ಸಾಲು. ಲಾಗಿನ್ ಆಗುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಮುಂದಿನ ಅರ್ಧ ಗಂಟೆ. ಈಗ ನಿಮಗೆ ಸಾಚಾ ರೋಗಿಯ ಖಾತೆ, ಸಾಚಾ ಪಾಸ್‌ವರ್ಡ್ ಕೊಡುತ್ತಾರೆ. ಒಳಗೆ ಹೋಗಿ ನಿಮ್ಮ ರಕ್ತಪರೀಕ್ಷೆಯ ವರದಿ ತೆರೆಯಿರಿ. ವಿಳಾಸದ ಕೊನೆಯಲ್ಲಿ 1042 ಎಂದಿದೆ. ಅದನ್ನು 1043 ಮಾಡಿ. ಬೇರೊಬ್ಬರ ಸಕ್ಕರೆ ಕಾಯಿಲೆ ನಿಮ್ಮ ಪರದೆಯ ಮೇಲೆ! ಯಾರೂ ಏನನ್ನೂ ಮುರಿದಿಲ್ಲ, ಚಿಹ್ನೆಯ ಚಮತ್ಕಾರವೂ ಇಲ್ಲ. ಶಿಳ್ಳೆಯೂ ಕೇಳುವುದಿಲ್ಲ ಈ ಸಲ.

ಸಾರ್ ಕಿಟಕಿಯ ಪರದೆ ಸರಿಸುತ್ತಾರೆ. ಎದುರಿಗೆ ಕಾರ್ಖಾನೆಯ ಗೇಟು, ಕುರ್ಚಿ ಹಾಕಿಕೊಂಡು ಕೂತ ಕಾವಲುಗಾರ. "ಕ್ಯಾಂಟೀನಿಗೆ ಹಾಲು ಹಾಕವನಿಗೂ ಅವ ಗೇಟ್ ಪಾಸ್ ಕೊಡ್ತಾನ. ಒಳಗ ಹೋದ ಮ್ಯಾಲ ಅವ ಸ್ಟೋರ್ ರೂಮಿಗೆ ಹೋದ್ರ ಕೇಳವ್ರು ಯಾರು? ನೀವೆಲ್ಲ ಗೇಟಿಗೇ ಬೀಗ ಹಾಕಿ ಮನಿಗೆ ಹೋಗವ್ರು." ಯಾರೆಂದು ಗುರುತಿಸುವುದು ಒಂದು ಕೆಲಸ, ಏನು ಮಾಡಬಹುದೆಂದು ಪ್ರತಿ ಬಾಗಿಲಲ್ಲೂ ಕೇಳುವುದು ಇನ್ನೊಂದು. ಓವಾಸ್ಪ್ ಎಂಬ ಸ್ವಯಂಸೇವಕರ ಬಳಗ 2003ರಿಂದ ವೆಬ್ ದೋಷಗಳ ಹತ್ತರ ಪಟ್ಟಿ ಮಾಡುತ್ತ ಬಂದಿದೆ. 2021ರ ಪಟ್ಟಿಯಲ್ಲಿ ಈ ಎರಡನೆಯ ಬಗೆಯ ದೋಷ ಐದನೆಯ ಸ್ಥಾನದಿಂದ ಮೊದಲಿಗೆ ಏರಿತು. ಉದ್ಧರಣ ಚಿಹ್ನೆಯಂಥವು ಮೂರಕ್ಕಿಳಿದವು. ಚಿಹ್ನೆಯ ದೋಷವನ್ನು ಉಪಕರಣ ಹುಡುಕಿಕೊಡುತ್ತದೆ. 1043 ಯಾರ ವರದಿ, ಯಾರು ನೋಡಬಹುದು ಎಂಬುದು ಆಸ್ಪತ್ರೆಯ ವ್ಯವಹಾರ ತಿಳಿದವರಿಗಷ್ಟೇ ಗೊತ್ತು. ಅದನ್ನು ಕೋಡ್ ಬರೆಯುವ ಮೊದಲೇ ಯಾರಾದರೂ ಕೇಳಿರಬೇಕು.

ಕೇಳುವ ಈ ಅಭ್ಯಾಸ ತಡವಾಗಿಯೇ ಬಂದದ್ದು. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ಸಿಬ್ಬಂದಿಗೆ ಪತ್ರ ಬರೆದು, ಹೊಸ ಸೌಲಭ್ಯವೋ ಭದ್ರತೆಯೋ ಎಂಬ ಪ್ರಶ್ನೆ ಬಂದಾಗ ಭದ್ರತೆಯನ್ನೇ ಆರಿಸಿ ಎಂದರು. ವಿಂಡೋಸ್ ಕೆಲಸ ನಿಲ್ಲಿಸಿ ಸಾವಿರಾರು ಎಂಜಿನಿಯರುಗಳನ್ನು ಪಾಠಕ್ಕೆ ಕೂರಿಸಿದರು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾವೇ ಹರಡುವ ಹುಳುಗಳು (ವರ್ಮ್) ಮೇಲಿಂದ ಮೇಲೆ ಬಡಿದು ಗ್ರಾಹಕರು ಬೇಸತ್ತ ಮೇಲೆ ಬಂದ ಜ್ಞಾನೋದಯ ಅದು.

ಚಹಾ ಮುಗಿಸಿ ಬಂದರೆ ಪರೀಕ್ಷೆಯ ಅಭ್ಯಾಸ. ಪರದೆಯ ಮೇಲೆ ಪ್ರಶ್ನೆ: ನಾಳೆ ಬಿಡುಗಡೆ, ಇಂದು ಗಂಭೀರ ದೋಷ ಸಿಕ್ಕಿದೆ, ನೀವು ಮೊದಲು ಏನು ಮಾಡುತ್ತೀರಿ? ನಾಲ್ಕು ಆಯ್ಕೆ. ಕೋಣೆಗೆ ಕೋಣೆಯೇ ಕೂಗುತ್ತದೆ: "ಸರಿಪಡಿಸ್ತೀವಿ!" ತಪ್ಪು. ಅಪಾಯ ಎಷ್ಟೆಂದು ಅಳೆದು, ಅದನ್ನು ಹೊರಬೇಕಾದವರಿಗೆ ತಿಳಿಸುವುದು ಸರಿಯುತ್ತರ. ಬಿಡುವುದೋ ತಡೆಯುವುದೋ ತೀರ್ಮಾನಿಸುವವರು ಅವರು. ರಾಯಚೂರಿನ ಹುಡುಗಿಯೊಬ್ಬಳು ಬಿಡುವುದಿಲ್ಲ: "ಇದು ಮ್ಯಾನೇಜರ್ ಉತ್ತರ ಆತ್ರಿ ಸಾರ್. ರಾತ್ರಿ ಕುಂತು ಸರಿ ಮಾಡೋರು ನಾವಲ್ಲೇನ್ರಿ?" ಎಲ್ಲರೂ ನಗುತ್ತಾರೆ. ಅವಳ ಮಾತಿನಲ್ಲಿ ಹುರುಳಿದೆ, ಪರೀಕ್ಷೆ ಅದಕ್ಕೆ ಅಂಕ ಕೊಡುವುದಿಲ್ಲ ಅಷ್ಟೆ. ಆ ಪರೀಕ್ಷೆ ಕೇಳದ್ದನ್ನೂ ಸಾರ್ ಹೇಳುತ್ತಾರೆ: ನಮ್ಮಲ್ಲಿ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು, 2022ರ ಏಪ್ರಿಲ್‌ನಲ್ಲಿ ಬಂದ ನಿರ್ದೇಶನ.

ಇದೇ ಹೊತ್ತಿಗೆ ನಿಮ್ಮ ಪಕ್ಕದವನು ಮೆಲ್ಲಗೆ ಫೋನ್ ತೋರಿಸುತ್ತಾನೆ. ಒಂದು ಗುಂಪಿನಲ್ಲಿ 'ಡಂಪ್ಸ್' ಮಾರಾಟಕ್ಕಿವೆ: ಪರೀಕ್ಷೆ ಬರೆದವರು ನೆನಪಿಟ್ಟು ಹೊರತಂದ ಪ್ರಶ್ನೆಗಳು, ಉತ್ತರ ಸಮೇತ. 599 ಡಾಲರ್ ಮುಳುಗುವ ಭಯದ ಮುಂದೆ ಆ ಬೆಲೆ ಏನೂ ಅಲ್ಲ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡೇ ಪ್ರತಿಯೊಬ್ಬರೂ ಪರೀಕ್ಷೆಗೆ ಕೂರುವುದು. ಮಾಹಿತಿ ಕಾಯುವ ಕಸುಬಿನ ಪ್ರಮಾಣಪತ್ರಕ್ಕೆ ಸೋರಿದ ಮಾಹಿತಿಯೇ ಪಠ್ಯಪುಸ್ತಕ! ಪಕ್ಕದವನನ್ನು ಬೈಯಲು ನನಗೆ ಮನಸ್ಸಿಲ್ಲ. ಸಂದರ್ಶನಕ್ಕೆ ಕರೆಯುವವರು ಹೆಸರಿನ ಮುಂದೆ ಆ ಪ್ರಮಾಣಪತ್ರದ ಅಕ್ಷರಗಳಿವೆಯೇ ಎಂದಷ್ಟೇ ನೋಡಿ ಮುಂದಿನ ಬಾಗಿಲುಗಳಲ್ಲಿ ಏನನ್ನೂ ಕೇಳದಿದ್ದರೆ, ಅವರೂ ಆ ಕುರ್ಚಿಯ ಕಾವಲುಗಾರರೇ.

ಮಧ್ಯಾಹ್ನ ಲಾಗ್4ಜೆ. ಪ್ರೋಗ್ರಾಮಿನ ದಿನಚರಿ ಬರೆದಿಡುವ ಪುಟ್ಟ ಜಾವಾ ಲೈಬ್ರರಿ, ಅಂದರೆ ಹೊರಗಿನಿಂದ ತಂದು ಸೇರಿಸಿಕೊಳ್ಳುವ ಸಿದ್ಧ ಕೋಡು. 2021ರ ಡಿಸೆಂಬರ್ 9ರಂದು ಅದರ ತೂತು ಜಗಜ್ಜಾಹೀರಾಯಿತು: ದಿನಚರಿಗೆ ಹೋಗುವ ಒಂದು ಸಾಲಿನಿಂದಲೇ ಹೊರಗಿನ ಕೋಡನ್ನು ಎಳೆತಂದು ಓಡಿಸಬಹುದಿತ್ತು. ಆ ವಾರಾಂತ್ಯ ತಂಡ ತಂಡಗಳೇ ನಿದ್ದೆಗೆಟ್ಟಿದ್ದು ಬರೀ ಸರಿಪಡಿಸುವುದಕ್ಕಲ್ಲ. ತಮ್ಮ ಸಾಫ್ಟ್‌ವೇರಿನಲ್ಲಿ ಅದು ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದಕ್ಕೆ. ತಂದು ಸೇರಿಸಿದ್ದರ ಪಟ್ಟಿಯನ್ನೇ ಹಲವರು ಇಟ್ಟಿರಲಿಲ್ಲ.

"ನಿಮ್ಮದೇ ಪ್ರಾಜೆಕ್ಟ್ ತೆಗೀರಿ," ಎನ್ನುತ್ತಾರೆ ಸಾರ್. ಕಾಲೇಜಿನದೋ ಮನೆಯಲ್ಲಿ ಬರೆದದ್ದೋ, ಆಫೀಸಿನದು ಬೇಡ. ದೋಷ ಹುಡುಕುವ ಸ್ಕ್ಯಾನರ್ ಓಡುತ್ತದೆ, ಕೆಂಪು ಸಾಲುಗಳು ಇಳಿಯತೊಡಗುತ್ತವೆ. ಬೀದರಿನ ಹುಡುಗನ ಪರದೆಯಲ್ಲಿ ಬೇರೆಯದೇ ಎಚ್ಚರಿಕೆ: ಕೋಡಿನೊಳಗೇ ಡೇಟಾಬೇಸಿನ ಪಾಸ್‌ವರ್ಡ್. ಅವನು ಆ ಸಾಲು ಅಳಿಸಿ ಉಳಿಸುತ್ತಾನೆ. ಸಾರ್ ಹಿಂದೆ ಬಂದು ನಿಂತು, ಕೋಡಿನ ಹಳೆಯ ಪ್ರತಿಗಳನ್ನೆಲ್ಲ ಕಾಪಿಡುವ ಗಿಟ್‌ನ ಇತಿಹಾಸ ತೆಗೆಸುತ್ತಾರೆ. ಹಳೆಯ ಪ್ರತಿಯಲ್ಲಿ ಪಾಸ್‌ವರ್ಡ್ ಅಕ್ಷರಕ್ಕಕ್ಷರ ಹಾಗೇ ಇದೆ. "ಅಳಿಸಿದ್ರ ಹೋಗಂಗಿಲ್ಲ, ಪಾಸ್‌ವರ್ಡೇ ಬದಲಿ ಆಗ್ಬೇಕು. ಇದು ಎಲ್ಲೀದು?"

ಹುಡುಗ ತಡವರಿಸುತ್ತಾನೆ. ಊರಲ್ಲಿ ದೊಡ್ಡಪ್ಪನ ಬೀಜ-ಗೊಬ್ಬರದ ಅಂಗಡಿಗೆ ಮಾಡಿಕೊಟ್ಟದ್ದು, ರೈತರ ಉದ್ರಿ ಲೆಕ್ಕವೆಲ್ಲ ಅದರಲ್ಲೇ ಇದೆ, ಕೋಡು ಎಲ್ಲರಿಗೂ ಕಾಣುವ ಹಾಗೆ ವರ್ಷದಿಂದ ಆನ್‌ಲೈನಿನಲ್ಲಿದೆ.

"ರಾತ್ರಿ ರೂಮಿಗೆ ಹೋಗಿ ಬದಲ್ ಮಾಡ್ತೀನ್ರಿ."

"ರಾತ್ರಿ ತನಕ ಯಾಕ? ವೈಫೈ ಹಚ್ಕೋ, ಈಗೇ ಬದಲ್ ಮಾಡು. ಆಮ್ಯಾಲ ದೊಡ್ಡಪ್ಪಗ ಫೋನ್ ಹಚ್ಚು. ಯಾರ್ಯಾರು ಒಳಗ ಬಂದು ಹೋಗ್ಯಾರ ಅದೂ ನೋಡ್ಬೇಕಾಗ್ತದ."