ಸಹಿಯ ಹೊಣೆ

ವ್ಯಾಪಾರಿಯಾದವನಿಗೆ ಸಹಿಯ ಬೆಲೆ ಗೊತ್ತು. ಲೆಕ್ಕಪರಿಶೋಧಕರು ಸಹಿ ಹಾಕಿದ ಜಮಾಖರ್ಚನ್ನು ನಂಬಿಯೇ ಬ್ಯಾಂಕು ಸಾಲ ಕೊಡುತ್ತದೆ. ಲೆಕ್ಕ ಬರೆದವನು ಬೇರೆ, ಹಣ ವ್ಯಯಿಸಿದವನು ಬೇರೆ. ಆದರೂ ನಂಬಿಕೆಯ ಭಾರವೆಲ್ಲ ಆ ಸಹಿಯ ಮೇಲೆ. ರಾಜ್ಯಾಡಳಿತದಲ್ಲಿಯೂ ಇಂಥದೊಂದು ಸಹಿಯುಂಟು: ಸರಕಾರಕ್ಕೆ ‘ಈ ಕಾರ್ಯ ಕಾನೂನುಬದ್ಧ’ ಎಂದು ಬರೆದುಕೊಡುವ ನ್ಯಾಯವಾದಿಯ ಸಹಿ. ಅಮೆರಿಕದ ಜ್ಯಾಕ್ ಗೋಲ್ಡ್‌ಸ್ಮಿತ್ ಅವರ ವೃತ್ತಿಜೀವನವನ್ನು ಓದಿದಾಗ ಈ ಸಹಿಯ ಹೊಣೆ ಎಷ್ಟು ದೊಡ್ಡದೆಂಬುದು ನನಗೆ ಮನವರಿಕೆಯಾಯಿತು.

ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪ್ರಾಧ್ಯಾಪಕರಾಗಿದ್ದ ಅವರು 2002ರಲ್ಲಿ ರಕ್ಷಣಾ ಇಲಾಖೆಯ ಸೇವೆಗೆ ಬಂದರು. 2003ರ ಅಕ್ಟೋಬರಿನಲ್ಲಿ ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಯ ಮುಖ್ಯಸ್ಥರಾದರು. ಈ ಕಚೇರಿಯ ಅಭಿಪ್ರಾಯವನ್ನು ಇತರ ಇಲಾಖೆಗಳು ಶಿರಸಾವಹಿಸುವುದು ವಾಡಿಕೆ. ಅಲ್ಲಿ ಅವರು 2002ರ ಆಗಸ್ಟ್ 1ರ ಅಭಿಪ್ರಾಯಪತ್ರವೊಂದನ್ನು ಪರಿಶೀಲಿಸಬೇಕಾಯಿತು. ಅಂಗಾಂಗಗಳ ವೈಫಲ್ಯ ಅಥವಾ ಮರಣದ ವೇಳೆಯಲ್ಲಾಗುವಷ್ಟು ತೀವ್ರವಾದ ದೇಹಬಾಧೆ ಮಾತ್ರವೇ ಚಿತ್ರಹಿಂಸೆಯೆಂದು ಅದು ಹೇಳಿತ್ತು. ಈ ವ್ಯಾಖ್ಯಾನದ ಆಶ್ರಯದಲ್ಲಿ, ಬಂದಿಯ ಮುಖದ ಮೇಲೆ ಬಟ್ಟೆ ಹೊದಿಸಿ ನೀರೆರೆದು ಉಸಿರುಗಟ್ಟಿಸುವಂಥ ವಿಚಾರಣೆಗಳು ನಡೆದಿದ್ದವು.

ಪತ್ರವನ್ನು ಬರೆದವರು ಅನ್ಯಪಕ್ಷದವರಲ್ಲ. ಅದರ ಕರಡನ್ನು ಸಿದ್ಧಪಡಿಸಿದ ಜಾನ್ ಯೂ ಗೋಲ್ಡ್‌ಸ್ಮಿತ್‌ರ ಮಿತ್ರರೇ. ಆದರೂ ಅದರ ತರ್ಕ ನಿಲ್ಲುವಂಥದಲ್ಲವೆಂದು ಕಂಡಾಗ ಅವರು ದಾಕ್ಷಿಣ್ಯ ನೋಡಲಿಲ್ಲ. ಸೈನ್ಯಕ್ಕೆ ಕೊಟ್ಟಿದ್ದ ಅಂಥದೇ ಇನ್ನೊಂದು ಪತ್ರವನ್ನು ನೆಚ್ಚಬಾರದೆಂದು 2003ರ ಡಿಸೆಂಬರಿನಲ್ಲಿ ತಿಳಿಸಿದರು. 2004ರ ಜೂನ್‌ನಲ್ಲಿ ಮೊದಲಿನ ಪತ್ರವನ್ನು ಹಿಂತೆಗೆದುಕೊಂಡು, ಜೊತೆಗೇ ರಾಜೀನಾಮೆಯನ್ನೂ ಕೊಟ್ಟರು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಅಧ್ಯಾಪನಕ್ಕೆ ಸೇರಿದರು.

ಇದರಿಂದ ಹಿಂಸೆ ನಿಂತಿತೇ? ನಿಲ್ಲಲಿಲ್ಲ. 2004ರ ಡಿಸೆಂಬರ್ 30ರಂದು ಹೊರಟ ಹೊಸ ಅಭಿಪ್ರಾಯವು ಚಿತ್ರಹಿಂಸೆಯನ್ನು ಖಂಡಿಸಿತಾದರೂ, ಹಿಂದಿನ ನಿರ್ಣಯಗಳು ಬದಲಾಗವೆಂದು ಅಡಿಟಿಪ್ಪಣಿಯೊಂದರಲ್ಲಿ ಹೇಳಿತು. 2005ರಲ್ಲಿ ಮತ್ತೆ ಅನುಮತಿ ದೊರೆಯಿತು. ಅವೆಲ್ಲಕ್ಕೂ ತೆರೆ ಎಳೆದದ್ದು 2009ರ ಜನವರಿ 22ರ ಅಧ್ಯಕ್ಷ ಒಬಾಮಾ ಅವರ ಆದೇಶ. ಗೋಲ್ಡ್‌ಸ್ಮಿತ್ ಆಗಲೇ ಬಹಿರಂಗವಾಗಿ ಮಾತಾಡಬೇಕಿತ್ತೆಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ.

ಆದರೂ ಅವರ ಕಾರ್ಯ ವ್ಯರ್ಥವೆಂದು ನನಗೆ ತೋರುವುದಿಲ್ಲ. ಹೊಡೆಯುವ ಕೈ ಮೊದಲು ಕಾಗದವೊಂದನ್ನು ಬೇಡುತ್ತದೆ. ಕಾಗದ ಕೊಡುವವನು ‘ನಾನು ಹೊಡೆಯಲಿಲ್ಲ, ಹೊಡೆಯೆಂದು ಆಜ್ಞಾಪಿಸಲೂ ಇಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆ ಸಮಾಧಾನವನ್ನು ನಿರಾಕರಿಸಿದ್ದೇ ಅವರ ದೊಡ್ಡತನ.

2007ರಲ್ಲಿ ಪ್ರಕಟವಾದ ‘ದಿ ಟೆರರ್ ಪ್ರೆಸಿಡೆನ್ಸಿ’ ಎಂಬ ಗ್ರಂಥದಲ್ಲಿ ಅವರು ಸಲಹೆಗಾರರನ್ನು ಕಾಡಿದ ಎರಡು ಭಯಗಳನ್ನು ವಿವರಿಸಿದ್ದಾರೆ: ಮತ್ತೊಂದು ದಾಳಿಯಾದೀತೆಂಬುದು ಒಂದು, ಮುಂದೆ ತಮ್ಮ ಮೇಲೆಯೇ ಮೊಕದ್ದಮೆ ಹೂಡಿಯಾರೆಂಬುದು ಇನ್ನೊಂದು. ಕಾನೂನಿನ ಸೂತ್ರಗಳು ವಿದ್ಯಾರ್ಥಿಗೆ ಪುಸ್ತಕದಲ್ಲಿ ದೊರೆಯುತ್ತವೆ. ಭಯದ ನಡುವೆಯೂ ಲೇಖನಿಯನ್ನು ಕೆಳಗಿಡಬೇಕಾದ ಗಳಿಗೆ ಯಾವುದೆಂಬುದನ್ನು ಮಾತ್ರ, ಅದನ್ನು ಕೆಳಗಿಟ್ಟವರ ಬಾಯಿಂದಲೇ ಕೇಳಬೇಕು.